ಹಿತ್ತಲಿಗೆ ಸಿಮೆಂಟ್ ಯಾಕ್ರಕ್ಕ ಹಾಕಿಸ್ತೀರ?

ಯುಗಾದಿ ಕಳೆದು ಹತ್ತು ದಿನ ಆಯ್ತು. ಒಬ್ಬಟ್ಟು ಖಾಲಿ, ಒಬ್ಬಟ್ಟಿನ ಸಾರು ಕುದಿಸಿ ಕುದಿಸಿ ಮೂರನೇ ದಿನಕ್ಕೆ ಮುಗೀತು, ಹೊಸತೊಡಕಿನ ಪಾತ್ರೆಗಳೂ ತೊಳೆದು ಅಟ್ಟ ಸೇರಿದ್ವು. ಈಗ ಒಸಿ ಕೂತು ಬರೆಯೋಕೆ ಪುರುಸೊತ್ತು. ಪ್ರತಿ ವರ್ಷ ಈ ಹೊತ್ತಿಗೆ ಹಿತ್ತಲಲ್ಲಿ ಏನೇನು ಬಂತು, ಏನು ಹೋಯ್ತು ಅಂತ ಬರೀತೀನಿ. ನೀವೂ ಓದಿ "ನಮ್ಮನೇಲೂ ಹಂಗೇ ಕಣೆ" ಅಂತೀರ. ಈ ಸಲ ಅಷ್ಟು ಮಾತ್ರ ಬರೆದು ಸುಮ್ಮನಾಗೋಕೆ ಮನಸ್ಸು ಒಪ್ತಿಲ್ಲ. ಜೊತೆಗೊಂದು ಜಗಳಾನೂ ಐತೆ. ಯಾರ ಮೇಲೆ ಜಗಳ ಅಂದ್ರೆ, ಮೊದಮೊದಲು ಗಂಡಸರ ಮೇಲೆ ಅಂದ್ಕೊಂಡಿದ್ದೆ. ಯೋಚನೆ ಮಾಡಿದಷ್ಟೂ ಅದು ನಮ್ಮ ಮೇಲೇ ತಿರುಗ್ತೈತೆ, ನಿಮ್ಮ ಮೇಲೂ ನನ್ನ ಮೇಲೂ.

ನಾನು ಮದುವೆಯಾಗಿ ಬೂದಿಗೆರೆಗೆ ಬಂದಾಗ ನಮ್ಮ ಬೀದೀಲಿ ಹನ್ನೊಂದು ಮನೆಗೆ ಹಿತ್ತಲಿತ್ತು. ಮೊನ್ನೆ ಬೇವಿನ ಹೂವಿಗೆ ಅಂತ ಬೀದಿ ಸುತ್ತಿದೆನಲ್ಲ, ಆಗ ಎಣಿಸಿದೆ. ಈಗ ಉಳಿದಿರೋದು ಮೂರು. ಮಿಕ್ಕ ಎಂಟರಲ್ಲಿ ಆರಕ್ಕೆ ಬಾಡಿಗೆ ರೂಮು ಬಂದೈತೆ, ಎರಡಕ್ಕೆ ಏನೂ ಬಂದಿಲ್ಲ, ಸುಮ್ಮನೆ ಸಿಮೆಂಟ್. "ನೀಟಾಗಿರ್ಲಿ ಅಂತ" ಹಾಕಿಸಿದ್ದಂತೆ. ಆ ನೀಟು ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ. ಮಣ್ಣಿದ್ರೆ ಗಲೀಜು, ಎಲೆ ಉದುರಿದ್ರೆ ಗಲೀಜು, ಕೋಳಿ ಕೆದಕಿದ್ರೆ ಗಲೀಜು. ನಾವೆಲ್ಲ ಆ ಗಲೀಜಲ್ಲಿ ಬೆಳೆದ ಸೊಪ್ಪು ತಿಂದೇ ಇಷ್ಟು ಉದ್ದ ಆದೋರು.

ಈಗ ನಮ್ಮನೆ ಸರದಿ. ಶಿವರಾತ್ರಿ ಜಾಗರಣೆ ದಿನ ಎಲ್ಲರೂ ಕೂತಿದ್ದಾಗ ನಮ್ಮ ಮೈದುನ ಮಾತು ತೆಗೆದ. "ಹಿಂದೆ ಜಾಗ ವೇಸ್ಟಾಗಿ ಬಿದ್ದೈತೆ ಅತ್ತಿಗೆ, ಮೂರು ರೂಮ್ ಎತ್ತಿಸಿಬಿಟ್ರೆ ತಿಂಗಳಿಗೆ ಹದಿನೈದು ಸಾವಿರ ಬರ್ತೈತೆ" ಅಂದ. ನಮ್ಮೆಜಮಾನ್ರು ತಲೆ ಆಡಿಸಿದ್ರು. ವೇಸ್ಟು! ಅವತ್ತು ರಾತ್ರಿ ಅವನು ಊಟ ಮಾಡಿದ ಮುದ್ದೆಗೆ ಹಿತ್ತಲ ಬೆರಕೆ ಸೊಪ್ಪಿನ ಮಸೊಪ್ಪು. ನೆಂಚಿಕೊಂಡಿದ್ದು ನಮ್ಮ ಗಿಡದ ಮೆಣಸಿನಕಾಯಿ. ಎಲೆ ಅಡಿಕೆಗೆ ವೀಳ್ಯದೆಲೇನೂ ಅಲ್ಲಿಂದಲೇ ಕಿತ್ಕೊಂಡು ಬಂದು ಕೂತು ಅಂದ ಮಾತು ಅದು.

ಆ ವೇಸ್ಟು ಜಾಗದಲ್ಲಿ ಈಗ ಏನೇನೈತೆ ಅಂತ ಹೇಳ್ತೀನಿ, ನೀವೇ ತೀರ್ಮಾನ ಮಾಡಿ.

ನುಗ್ಗೆ ಮರ ಶಿವರಾತ್ರಿಗೆ ಬೆಳ್ಳಗೆ ಹೂ ಬಿಟ್ಟಿತ್ತು. ಉದುರಿದ ಹೂ ಬಳ್ಕೊಂಡು ಎರಡು ಸಲ ಪಲ್ಯ ಮಾಡಿದೆ. ಈಗ ಕಾಯಿ ಕಿರುಬೆರಳಿನ ಗಾತ್ರ. ಇನ್ನು ಹದಿನೈದು ದಿನಕ್ಕೆ ಇಳಿಸಬಹುದು. ಇದನ್ನ ಕಡಿಸಿ ಅನ್ನೋಕೆ ಬಂದೋರಿಗೇನೂ ಕಮ್ಮಿಯಿಲ್ಲ. ನುಗ್ಗೆ ಮರದಲ್ಲಿ ದೆವ್ವ ಇರ್ತೈತೆ ಅಂತ ಒಬ್ಬರು, ವಾಸ್ತುಗೆ ಆಗಲ್ಲ ಅಂತ ಇನ್ನೊಬ್ಬರು, ಕಂಬಳಿಹುಳ ಬರ್ತೈತೆ ಅಂತ ಮತ್ತೊಬ್ಬರು. ಕಂಬಳಿಹುಳ ನಿಜ, ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿ ಹೊದಿಸಿದಂಗೆ ಕೂತಿರ್ತವೆ. ಸೌದೆ ತುದಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚಿ ಸುಟ್ಟರೆ ಮುಗೀತು. ದೆವ್ವಾನ ಇಪ್ಪತ್ತೆರಡು ವರ್ಷದಲ್ಲಿ ನಾನಂತೂ ನೋಡಿಲ್ಲ.

ಹೀರೆ, ಸೋರೆ, ಕುಂಬಳ ಮೂರನ್ನೂ ಶಿವರಾತ್ರಿ ಮಾರನೇ ದಿನ ಊರಿದ್ದೆ. ಚಳಿ ಹೋದ ಮೇಲೆ ಊರಿದ್ರೆ ಬೇಗ ಮೊಳಕೆ ಬರ್ತೈತೆ. ಕುಂಬಳದ ಎಳೆ ಎಲೆಗೆ ಕೆಂಪು ಹುಳ ಬಿದ್ದು ಜರಡಿ ಮಾಡಿಬಿಟ್ಟವು. ಬೆಳಗ್ಗೆ ಇಬ್ಬನಿ ಇರುವಾಗಲೇ ಒಲೆ ಬೂದಿ ಎರಚಿದೆ. ಊರಿನ ಹೆಸರಲ್ಲೇ ಬೂದಿ ಇಟ್ಕೊಂಡು ಔಷಧಿ ಅಂಗಡಿಗೆ ಓಡೋಕಾಗ್ತದಾ? ಮೂರು ದಿನ ಎರಚಿದ ಮೇಲೆ ಹತೋಟಿಗೆ ಬಂತು. ಸೋರೆ ಚಪ್ಪರ ಹತ್ತಿ ಹೂ ಬಿಟ್ಟೈತೆ. ಪಕ್ಕದ ಮನೆ ಚಿಕ್ಕ ಸೊಸೆ ಬಂದು "ಆಂಟಿ, ಬರೀ ಹೂ ಬಿಡ್ತೈತೆ, ಕಾಯೇ ಇಲ್ಲ, ಕಿತ್ತಾಕಿ" ಅಂದ್ಲು. ಮೊದಲು ಬರೋದೆಲ್ಲ ಗಂಡು ಹೂವೇ ಕಣಮ್ಮ, ಒಂದೆರಡು ವಾರ ತಡ್ಕೊಂಡ್ರೆ ಬುಡದಲ್ಲಿ ಪುಟ್ಟ ಕಾಯಿ ಇಟ್ಕೊಂಡಿರೋ ಹೆಣ್ಣು ಹೂ ಬರ್ತವೆ ಅಂದೆ. ಸೋರೆ ಹೂ ಅರಳೋದು ಸಾಯಂಕಾಲ. ಆ ಹೊತ್ತಲ್ಲಿ ಹುಳ ಹುಪ್ಪಟೆ ಓಡಾಡದೆ ಇದ್ರೆ ಕಾಯಿ ಕಚ್ಚಲ್ಲ, ಪುಟ್ಟ ಕಾಯಿ ಹಳದಿಯಾಗಿ ಉದುರ್ತವೆ. ನಾನು ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುಗಡೆ ಮೆಲ್ಲಗೆ ಮುಟ್ಟಿಸ್ತೀನಿ. ನಾಲ್ಕಕ್ಕೆ ಮಾಡಿದ್ರೆ ಮೂರು ನಿಲ್ತವೆ. ಕುಂಬಳದ್ದು ಬೆಳಗ್ಗೆ ಅರಳೋ ಹೂ, ಅದಕ್ಕೆ ಕಾಫಿ ಹೊತ್ತಲ್ಲೇ ಹೋಗಬೇಕು.

ಬದನೆ ಹೋದ ವರ್ಷದ್ದೇ ಗಿಡ. ಸಂಕ್ರಾಂತಿ ಆದ ಮೇಲೆ ಮೊಣಕಾಲುದ್ದ ಬಿಟ್ಟು ಸವರಿ, ಬುಡ ಕೆದಕಿ, ಒಂದೊಂದು ಬೊಗಸೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಹೊಂಗೆ ಹಿಂಡಿ ಹಾಕಿದ್ದೆ. ಮತ್ತೆ ಚಿಗುರಿ ಈಗ ವಾರಕ್ಕೆ ಎರಡು ಸಾರಿಗಾಗೋಷ್ಟು ಕಾಯಿ ಕೊಡ್ತೈತೆ. ಮೆಣಸಿನಕಾಯಿಗೆ ಎಲೆ ಮುದುರು ಬಂತು, ಹುಳಿ ಮಜ್ಜಿಗೆ ಚಿಮುಕಿಸಿದೆ. ಅರ್ಧ ಗಿಡ ಚೇತರಿಸ್ಕೊಂಡ್ವು, ಅರ್ಧ ಕಿತ್ತು ಹಾಕಿದೆ. ಸುಳ್ಳು ಹೇಳಲ್ಲ.

ಟೊಮ್ಯಾಟೊ ವಿಚಾರದಲ್ಲಿ ಬುದ್ಧಿ ಕಲಿತೆ. ಎರಡು ವರ್ಷದ ಹಿಂದೆ ಅಂಗಡಿಯಿಂದ ಹೈಬ್ರಿಡ್ ಪ್ಯಾಕೆಟ್ ತಂದು ಹಾಕಿ, ಭಾರಿ ಕಾಯಿ ಬಂತು ಅಂತ ಅದರ ಬೀಜ ಇಟ್ಕೊಂಡು ಮತ್ತೆ ಹಾಕಿದೆ. ಒಂದೊಂದು ಗಿಡ ಒಂದೊಂದು ಥರ. ಒಂದು ಗೋಲಿಯಷ್ಟು, ಒಂದು ಬರೀ ನೀರು, ಒಂದಕ್ಕೆ ಕಾಯೇ ಇಲ್ಲ. ಹೈಬ್ರಿಡ್ ಬೀಜ ಹಂಗೇ, ಒಂದು ಸಲಕ್ಕೆ ಮಾತ್ರ. ಬೀಜ ಇಟ್ಕೊಳ್ಳೋ ಆಸೆ ಇದ್ರೆ ನಾಟಿ ಹಾಕಿ. ಇಲ್ಲಾ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೇಲಿ ಅರ್ಕ ವಿಕಾಸ್ ಥರದ ತಳಿ ಮಾಡವ್ರೆ, ಅದು ಹೈಬ್ರಿಡ್ ಅಲ್ಲ, ಬೀಜ ತೆಗೆದು ಇಟ್ಕೋಬಹುದು. ಅದೇ ಸಂಸ್ಥೆಯ ಅರ್ಕ ಅನಾಮಿಕ ಬೆಂಡೆ ಹಾಕಿದೀನಿ, ಎಲೆಗೆ ಹಳದಿ ರೋಗ ಬರದಂಗೆ ತಡೀತೈತೆ ಅಂತ. ಈಗ ಗೇಣುದ್ದ ಆಗೈತೆ.

ಸೊಪ್ಪಿನ ಮಡಿ ಬಗ್ಗೆ ಬರೆದ್ರೆ ಮುಗಿಯಲ್ಲ. ದಂಟು, ಕೀರೆ, ಸಬ್ಬಸಿಗೆ ನಾನು ಹಾಕಿದ್ದು. ಹೊನಗೊನ್ನೆ, ಅಣ್ಣೆ, ಗೋಣಿ ಸೊಪ್ಪು ಯಾರೂ ಹಾಕಿದ್ದಲ್ಲ, ತಾವೇ ಬಂದೋರು. ಬೆರಕೆ ಸೊಪ್ಪು ಅಂದ್ರೆ ಇವೆಲ್ಲ ಸೇರಬೇಕು. ಮಾರ್ಕೆಟ್ಟಲ್ಲಿ ಕಟ್ಟು ಕಟ್ಟೋರು ದಂಟು ಕೊಡ್ತಾರೆ, ಪಾಲಕ್ ಕೊಡ್ತಾರೆ, ಅಣ್ಣೆ ಸೊಪ್ಪು ಎಲ್ಲಿ ಕೊಡ್ತಾರೆ? ಸಿಮೆಂಟ್ ಹಾಕಿದ ದಿನ ನಿಮ್ಮನೇಲಿ ಬೆರಕೆ ಸೊಪ್ಪಿನ ಸಾರು ಮುಗೀತು ಅಂತ ತಿಳ್ಕೊಳ್ಳಿ. ಇದು ಬರೀ ನಾಲಿಗೆ ಚಪಲ ಅಂದ್ಕೋಬೇಡಿ. 2019ರಿಂದ 21ರವರೆಗೆ ಕೇಂದ್ರ ಸರ್ಕಾರ ಮನೆಮನೆ ಆರೋಗ್ಯ ಸಮೀಕ್ಷೆ ಮಾಡ್ತಲ್ಲ, ಅದರಲ್ಲಿ ನಮ್ಮ ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತ ಕಮ್ಮಿ ಅಂತ ಬಂದೈತೆ. ಅಂಗನವಾಡಿ ಮೇಡಂ ಬಸುರಿ ಬಾಣಂತಿಯರಿಗೆ ಸೊಪ್ಪು ತಿನ್ನಿ ಸೊಪ್ಪು ತಿನ್ನಿ ಅಂತ ಹೇಳಿ ಹೇಳಿ ಸೋತವ್ರೆ. ನಾವು ಅವರ ಮುಂದೆ ತಲೆ ಆಡಿಸಿ, ಮನೆಗೆ ಬಂದು ಸೊಪ್ಪು ಬೆಳೆಯೋ ಜಾಗಕ್ಕೆ ಜಲ್ಲಿ ಸುರೀತೀವಿ.

ಇನ್ನು ಚಕ್ಕೋತ. ಬರೀಬೇಕು ಅಂತ ಕೂತಿದ್ದೇ ಇದಕ್ಕೋಸ್ಕರ.

ಮೂಲೇಲಿರೋ ಚಕ್ಕೋತದ ಮರ ನಮ್ಮತ್ತೆ ಹಾಕಿದ್ದು. ದೇವನಹಳ್ಳೀಲಿ ನೆಂಟರ ಮನೆಗೆ ಹೋದಾಗ ಹಣ್ಣು ತಿಂದು ಬೀಜ ಸೆರಗಲ್ಲಿ ಕಟ್ಕೊಂಡು ಬಂದ್ರಂತೆ. ಬೀಜದಿಂದ ಎದ್ದ ಮರ ಅಷ್ಟು ಸುಲಭಕ್ಕೆ ಫಲ ಕೊಡಲ್ಲ, ಗೂಟಿ ಕಟ್ಟಿದ ಸಸಿ ಆದ್ರೆ ಬೇಗ. ನಮ್ಮದು ಒಂಬತ್ತನೇ ವರ್ಷಕ್ಕೆ ಮೊದಲನೇ ಕಾಯಿ ಬಿಡ್ತು. ಒಂದೇ ಒಂದು. ಅತ್ತೆ ಅದನ್ನ ದೇವರ ಮುಂದೆ ಇಟ್ಟು, ಹದಿನಾರು ತೊಳೆ ಎಣಿಸಿ ಬೀದಿಗೆಲ್ಲ ಹಂಚಿದ್ರು. ಈಗ ಅತ್ತೆ ಇಲ್ಲ. ಮರ ಐತೆ. ಈ ಸಲ ಹೂ ಬಿಟ್ಟಾಗ ರಾತ್ರಿ ಹಿಂದಿನ ಬಾಗಿಲು ತೆಗೆದ್ರೆ ಸಾಕು, ಮಲ್ಲಿಗೆ ಅಂಗಡಿ ಒಳಗೆ ಬಂದಂಗಿರೋದು. ಈಗ ನಿಂಬೆಹಣ್ಣಿನ ಗಾತ್ರದ ಕಾಯಿಗಳು. ದಿನಾ ನಾಲ್ಕೈದು ಉದುರ್ತವೆ. ಹೆದರಬೇಡಿ, ಮರ ತನಗೆ ಸಾಕೋಕಾಗೋಷ್ಟನ್ನ ಮಾತ್ರ ಉಳಿಸ್ಕೊಳ್ತೈತೆ. ಬುಡಕ್ಕೆ ಒಣ ಎಲೆ, ರಾಗಿ ಹುಲ್ಲು ಗೇಣುದ್ದ ಹೊದಿಸಿದೀನಿ, ಬಿಸಿಲಿಗೆ ತೇವ ಆರದಿರ್ಲಿ ಅಂತ.

ದೇವನಹಳ್ಳಿ ಚಕ್ಕೋತ ಅಂದ್ರೆ ಸುಮ್ಮನೆ ಅಲ್ಲ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಇದ್ದಂಗೆ ಇದಕ್ಕೂ ಸರ್ಕಾರದಿಂದ ಭೌಗೋಳಿಕ ಗುರುತು ಸಿಕ್ಕೈತೆ, ಜಿ.ಐ. ಟ್ಯಾಗ್ ಅಂತಾರಲ್ಲ ಅದು. ನಮ್ಮ ಕಡೆ ಬೆಳೆಯೋ ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಕ್ಕೈತೆ. ಹೆಸರಿಗೆ ಪಟ್ಟ ಕಟ್ಟಿದ್ದಾಯ್ತು, ಮರ ಎಲ್ಲಿ? ದೇವನಹಳ್ಳಿ ಸುತ್ತ ತೋಟ ಇದ್ದ ಕಡೆ ಲೇಔಟು. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾಯ್ತು. ಅದಕ್ಕೆ ಮುಂಚೆಯೇ ಜಮೀನಿನ ಬೆಲೆ ಏರೋಕೆ ಹತ್ತಿತ್ತು, ಆಮೇಲಂತೂ ಹಿಡಿಯೋರೇ ಇಲ್ಲ. ಈಗ ಉಳಿದಿರೋ ಚಕ್ಕೋತ ಅಲ್ಲೊಂದು ತೋಟ, ಇಲ್ಲೊಂದು ಹಿತ್ತಲು. ಆ ಹಿತ್ತಲು ಅಂದ್ರೆ ನಾವೇ. ನಾವೂ ಕಡಿದ್ರೆ ಆ ಟ್ಯಾಗನ್ನ ಯಾವ ಕೊಂಬೆಗೆ ನೇತು ಹಾಕೋದು?

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳೀಲಿ 13 ಹಳ್ಳಿಯ 1,777 ಎಕರೆ ಕೈಗಾರಿಕೆಗೆ ಬೇಕು ಅಂತ ನೋಟಿಸ್ ಬಂದಾಗ ಜನ ಏನು ಮಾಡಿದ್ರು ಅಂತ ನಿಮಗೆ ನಾನು ಹೇಳಬೇಕಾ? 2022ರ ಏಪ್ರಿಲ್‌ನಲ್ಲಿ ಧರಣಿ ಕೂತೋರು ಮೂರು ವರ್ಷ ಬಿಟ್ಟು ಏಳಲಿಲ್ಲ. ಮುದುಕಿಯರು ಬಂದು ಕೂತ್ರು, ಮಗು ಸೊಂಟಕ್ಕಿಟ್ಕೊಂಡು ಹೆಂಗಸರು ಬಂದು ಕೂತ್ರು, ಪೊಲೀಸ್ ವ್ಯಾನೂ ಹತ್ತಿದ್ರು. ಕೊನೆಗೆ 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಆ ಭೂಸ್ವಾಧೀನ ಕೈಬಿಟ್ಟಿದೀವಿ ಅಂತ ಹೇಳಿದ್ರು. ಅವತ್ತು ಟಿ.ವಿ. ಮುಂದೆ ಕೂತು ನಾವೆಲ್ಲ ಅತ್ತಿದ್ವಿ, ನೆನಪೈತಾ? ಸರ್ಕಾರ ಬಂದು ಮಣ್ಣು ಕೊಡಿ ಅಂದ್ರೆ ಪ್ರಾಣ ಬೇಕಾದ್ರೂ ಕೊಡ್ತೀವಿ ಮಣ್ಣು ಕೊಡಲ್ಲ ಅಂತೀವಿ. ಅದೇ ಮನೆಯೋರು ಬಂದು ಹಿತ್ತಲು ಕೊಡು ಅಂದ್ರೆ ಹೂಂ ಅಂತೀವಿ, ಮೇಸ್ತ್ರಿಗೆ ಕಾಫಿನೂ ಮಾಡಿಕೊಡ್ತೀವಿ.

ಹೂಂ ಯಾಕಂತೀವಿ? ಹದಿನೈದು ಸಾವಿರ ಅನ್ನೋ ಮಾತು ದೊಡ್ಡದು, ನಾನೇನು ಅದನ್ನ ಹಗುರ ಮಾಡಲ್ಲ. ಲೆಕ್ಕದಲ್ಲಿ ಹಿತ್ತಲು ಸೋಲ್ತೈತೆ. ಶಿವರಾತ್ರಿಯಿಂದ ಇವತ್ತಿನವರೆಗೆ ಹಿತ್ತಲಿಂದ ಒಳಗೆ ಬಂದಿದ್ದನ್ನೆಲ್ಲ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದೀನಿ. ಸೊಪ್ಪು, ಬದನೆ, ಕರಿಬೇವು, ಎರಡು ಪರಂಗಿ, ಒಂದು ಗೊನೆ ಏಲಕ್ಕಿ ಬಾಳೆ, ಎಲ್ಲ ಸೇರಿಸಿ ಅಂಗಡಿ ರೇಟಲ್ಲಿ ಹಾಕಿದ್ರೂ ತಿಂಗಳಿಗೆ ಸಾವಿರದ ಐನೂರು ದಾಟಲ್ಲ. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ನಾನು ರಾಣಿ ಥರ ಮೆರೆದೆ, ಅದು ಬೇರೆ ಮಾತು. ದಿನಾ ಹಂಗಿರಲ್ಲ.

ಆದ್ರೆ ಆ ಹದಿನೈದು ಸಾವಿರದ ಹೊಟ್ಟೇನೂ ಒಂದು ಸಲ ಬಗೆದು ನೋಡಿ. ಮೂರು ರೂಮಿಗೆ ಒಂಬತ್ತು ಲಕ್ಷ ಅಂದಿದಾನೆ ಮೇಸ್ತ್ರಿ. ಮೇಸ್ತ್ರಿ ಒಂಬತ್ತು ಅಂದ್ರೆ ಹತ್ತೂವರೆ ಅಂತ ನಮಗೆಲ್ಲ ಗೊತ್ತು, ಇರಲಿ, ಒಂಬತ್ತೇ ಅನ್ನೋಣ. ಅಷ್ಟೂ ಸಾಲ. ಹನ್ನೊಂದು ಪರ್ಸೆಂಟ್ ಬಡ್ಡೀಲಿ ಏಳು ವರ್ಷಕ್ಕೆ ತೀರಿಸ್ತೀವಿ ಅಂದ್ರೆ ತಿಂಗಳ ಕಂತೇ ಹದಿನೈದು ಸಾವಿರದ ನಾನೂರು. ನನ್ನ ಮಗಳು ಫೋನಲ್ಲಿ ಹಾಕಿ ತೋರಿಸಿದ್ಲು. ಅಂದ್ರೆ ಏಳು ವರ್ಷ ಬಾಡಿಗೆಯ ಒಂದು ರೂಪಾಯಿನೂ ಮನೆಗಿಲ್ಲ, ಮೇಲೆ ಕೈಯಿಂದ ನಾನೂರು. ಒಂದು ರೂಮ್ ಎರಡು ತಿಂಗಳು ಖಾಲಿ ಬಿದ್ರೆ ಯಾರ ಓಲೆ ಅಡವಿಗೆ ಹೋಯ್ತದೆ? ಮೈದುನಂದಾ?

ಏಳು ವರ್ಷ ಆದ ಮೇಲೆ ಬರೋ ಬಾಡಿಗೆ ಯಾರ ಅಕೌಂಟಿಗೆ ಬರ್ತೈತೆ ಅನ್ನೋದನ್ನ ಯಾವಳಾದ್ರೂ ಕೇಳಿದೀರಾ? ನಾನು ಕೇಳಿದೆ. ಮನೇಲಿ ಎರಡು ದಿನ ಯಾರೂ ಮಾತಾಡಲಿಲ್ಲ. ಪಂಚಾಯ್ತಿ ಇ-ಸ್ವತ್ತಿನ ನಮೂನೆ 9, 11 ತೆಗೆದು ನೋಡಿ, ಎಷ್ಟು ಮನೇಲಿ ಹೆಂಗಸಿನ ಹೆಸರೈತೆ ಅಂತ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನು ಬಂತು, 2005ರಲ್ಲಿ ಇಡೀ ದೇಶಕ್ಕೇ ಬಂತು. ನಮ್ಮಲ್ಲಿ ಎಷ್ಟು ಜನ, ಜಮೀನಿಗೆ ರೇಟು ಬಂದಾಗ, ಅಣ್ಣ ತಮ್ಮಂದಿರು ಕರೆದು ಒಂದು ರೇಷ್ಮೆ ಸೀರೆ, ಒಂದು ತಟ್ಟೆ ಹಣ್ಣು ಇಟ್ಟು "ಇಲ್ಲೊಂದು ಸೈನ್ ಹಾಕವ್ವ" ಅಂದ್ರೆ ಹಾಕಿ ಬಂದಿಲ್ಲ? ನಾನೂ ಹಾಕಿದೋಳೇ. ತವರಿನ ದಾರಿ ಮುಚ್ಚೋದು ಬೇಡ ಅಂತ. ಆ ಸೀರೆ ಬೀರುವಿನಲ್ಲೇ ಐತೆ, ಉಡೋಕೆ ಮನಸ್ಸೇ ಬರಲ್ಲ.

ತವರಿನ ಹೊಲ ಅಣ್ಣಂದಿರದು, ಗಂಡನ ಹೊಲ ಗಂಡನದು. ನಾವು ಯಾರನ್ನೂ ಕೇಳದೆ ಇಂಥದ್ದನ್ನ ಹಾಕ್ತೀನಿ, ಇದನ್ನ ಕೀಳ್ತೀನಿ, ಇಷ್ಟು ಇವಳಿಗೆ ಕೊಡ್ತೀನಿ ಅಂತ ತೀರ್ಮಾನ ಮಾಡೋ ಮಣ್ಣು ಅಂತ ಭೂಮಿ ಮೇಲೆ ಇದ್ರೆ ಅದು ಹಿತ್ತಲೊಂದೇ. ನಮ್ಮತ್ತೆ ಬೀಜ ಇಡ್ತಿದ್ದ ಸೋರೆ ಬುರುಡೆ ಈಗಲೂ ಅಟ್ಟದ ಮೇಲೈತೆ. ಅವರೆ, ಹೀರೆ, ದಂಟು, ಒಂದೊಂದನ್ನೂ ಬೂದಿ ಬೆರೆಸಿ, ಬಟ್ಟೇಲಿ ಗಂಟು ಕಟ್ಟಿ, ಅದರೊಳಗೆ. ಬೀಗದ ಕೈ ಮಾವನ ಸೊಂಟದಲ್ಲಿರ್ತಿತ್ತು, ಬೀಜ ಅತ್ತೆ ಕೈಯಲ್ಲಿ. ನುಗ್ಗೆಕಾಯಿ ಮಾರಿದ ದುಡ್ಡು ಸಾಸಿವೆ ಡಬ್ಬಿಗೆ ಹೋಗ್ತಿತ್ತು, ಅದಕ್ಕೆ ಯಾರೂ ಲೆಕ್ಕ ಕೇಳ್ತಿರಲಿಲ್ಲ. ನನ್ನ ಮಗಳ ಎಸ್ಸೆಸ್ಸೆಲ್ಸಿ ಟ್ಯೂಷನ್ ಫೀಸಿನ ಮೊದಲ ಕಂತು ಆ ಡಬ್ಬಿಯಿಂದಲೇ ಬಂದಿದ್ದು. ಈಗ ಹೇಳಿ, ಹಿತ್ತಲು ಸಾವಿರದ ಐನೂರಿಂದೋ?

ನೀರಿನ ಮಾತು ಬರ್ತೈತೆ, ಗೊತ್ತು. "ಕುಡಿಯೋಕೇ ನೀರಿಲ್ಲ, ಗಿಡಕ್ಕೆಲ್ಲಿಂದ?" ಇದು ನಿಜವಾದ ಕಷ್ಟ. ನಮ್ಮ ಜಿಲ್ಲೇಲಿ ಮಳೆ ಇಳಿಸೋದಕ್ಕಿಂತ ಜಾಸ್ತಿ ನೀರನ್ನ ನಾವು ಮೇಲೆತ್ತುತಾ ಇದೀವಿ, ಬೋರು ಸಾವಿರ ಅಡಿ ದಾಟಿದ್ರೂ ಧೂಳು ಬರ್ತೈತೆ. 2024ರ ಬೇಸಿಗೇಲಿ ಬೆಂಗಳೂರೇ ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಹಿಂದೆ ಓಡಿದ್ದು ನೋಡಿದೀವಿ. ಆದ್ರೆ ಮೂರು ರೂಮು, ರೂಮಿಗೆ ಮೂರು ಜನ, ತಲೆಗೆ ಎಪ್ಪತ್ತು ಲೀಟರ್ ಅಂತ ಹಿಡಿದ್ರೂ ದಿನಕ್ಕೆ ಆರುನೂರಕ್ಕೂ ಮೇಲೆ. ಅಷ್ಟೂ ಬೋರಿನ ಹೊಸ ನೀರು. ನನ್ನ ಹಿತ್ತಲು ಕುಡಿಯೋದು ಎಂಜಲು ನೀರು. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು ಮಡಿಗಳಿಗೆ. ಬಚ್ಚಲ ನೀರು ಬಾಳೆ, ಕೆಸವಿಗೆ. ಪಾತ್ರೆ ಸೋಪಿನ ನೀರು ಮಾತ್ರ ಸೊಪ್ಪಿಗೆ ಬಿಡಬೇಡಿ, ಬಾಳೆ ತಡ್ಕೊಳ್ತೈತೆ, ಸೊಪ್ಪು ತಡ್ಕೊಳ್ಳಲ್ಲ. ಹೊಸ ನೀರು ಅಂತ ಹಾಕೋದು ಈ ಎರಡು ತಿಂಗಳು ಮಾತ್ರ, ಚಕ್ಕೋತಕ್ಕೆ ವಾರಕ್ಕೆ ನಾಲ್ಕು ಬಿಂದಿಗೆ.

ಮಳೆ ಬಂದಾಗ ಏನಾಗ್ತೈತೆ ಅದನ್ನೂ ಹೇಳ್ತೀನಿ. ನಮ್ಮದು 1,200 ಚದರಡಿ ಮಾಡು. ಒಂದಿಂಚು ಮಳೆ ಬಂದ್ರೆ ಅದರ ಮೇಲೆ ಬೀಳೋ ನೀರು 2,800 ಲೀಟರ್. ಹಿತ್ತಲಿದ್ರೆ ಅದು ಇಂಗ್ತೈತೆ. ಸಿಮೆಂಟ್ ಇದ್ರೆ ಎಲ್ಲಿಗೆ ಹೋಯ್ತದೆ? ಹೋದ ಮಳೆಗಾಲ ಕೆಳಗಿನ ಬೀದಿಯೋರ ಮನೆ ಹೊಸ್ತಿಲು ದಾಟಿದ್ದು ಇದೇ ನಮ್ಮ ಮೇಲಿನ ಬೀದಿಯ ನೀಟು ನೀರು. ಅವರು ಬಂದು ಬೈದಾಗ ನಾವು "ಪಂಚಾಯ್ತಿ ಚರಂಡಿ ಸರಿ ಮಾಡಿಲ್ಲ" ಅಂದ್ವಿ. ಪಂಚಾಯ್ತೀನೂ ಬೈಯೋಣ, ಬೈಯೋದಕ್ಕೇನು.

ಇನ್ನೊಂದು ಮಾತನ್ನ ನನ್ನ ಓರಗಿತ್ತಿ ಅಂದಿದ್ದು, ಅದು ನನಗೆ ನಾಟಿದೆ. "ಅಕ್ಕಾ, ಹಿತ್ತಲು ಹಿತ್ತಲು ಅಂತೀರ, ಗುಡಿಸೋಳು ನಾನು, ನೀರು ಹೊರೋಳು ನಾನು, ಹಾವು ಬಂದ್ರೆ ಕಿರುಚೋಳು ನಾನು. ಗಾರ್ಮೆಂಟ್ಸಿಂದ ಏಳು ಗಂಟೆಗೆ ಬಂದು ಇನ್ನೊಂದು ಚಾಕರಿ ನಂಗೆ ಬೇಡ." ಅವಳ ಮಾತು ಸುಳ್ಳಲ್ಲ. ಹಿತ್ತಲನ್ನ ಹೊಗಳೋ ನಮ್ಮಂಥೋರು ಈ ಮಾತನ್ನ ಕೇಳಿಸ್ಕೊಳ್ಳಲ್ಲ. ತಿನ್ನೋರು ಏಳು ಜನ, ಬಗ್ಗೋರು ಇಬ್ಬರು. ಅವಳಿಗೆ ನಾನು ಹೇಳಿದ್ದು ಇಷ್ಟೇ. ಸೊಂಟ ನೋಯ್ತದೆ ಅಂತ ಹಿತ್ತಲನ್ನ ಮುಚ್ಚೋದಲ್ಲ, ಬಗ್ಗೋರನ್ನ ಜಾಸ್ತಿ ಮಾಡೋದು. ಅವತ್ತಿಂದ ನೀರು ಬಿಡೋ ಕೆಲಸ ಇವಳ ಗಂಡಂದು. ಪೈಪ್ ಹಿಡ್ಕೊಂಡು ನಿಂತು ಫೋನ್ ನೋಡ್ತಾನೆ, ಒಂದು ದಿನ ಬೆಂಡೆ ಮಡಿ ಕೆರೆ ಆಗಿತ್ತು. ಆಗಲಿ, ಕಲೀತಾನೆ. ಒಂದು ವಾರ ಆದ ಮೇಲೆ ಅವನೇ ಬಂದು "ಅತ್ತಿಗೆ, ಸೋರೆಗೆ ಒಂದು ಕಾಯಿ ಕಚ್ಚೈತೆ ನೋಡಿದ್ರಾ" ಅಂದ. ರೂಮಿನ ಮಾತು ಬಿಟ್ಟಿಲ್ಲ, ಆದ್ರೂ ಅಂದ.

ನಗು ಬರೋದು ಏನಂದ್ರೆ, ಬೂದಿಗೆರೆ ಕ್ರಾಸ್ ಕಡೆ ಎತ್ತರೆತ್ತರ ಅಪಾರ್ಟ್‌ಮೆಂಟ್ ಎದ್ದವಲ್ಲ, ಅಲ್ಲಿಯೋರು ಭಾನುವಾರ ಕಾರಲ್ಲಿ ಬಂದು ನಮ್ಮ ಬೀದೀಲಿ ನುಗ್ಗೆ ಸೊಪ್ಪು ಕೇಳ್ತಾರೆ. ಒಬ್ಬರು ಮೇಡಂ ಹನ್ನೆರಡನೇ ಮಹಡಿ ಬಾಲ್ಕನೀಲಿ ಕುಂಡ ಇಟ್ಟು, ದುಡ್ಡು ಕೊಟ್ಟು ಮೂಟೆ ಮಣ್ಣು ತರಿಸಿ, ನಾಲ್ಕು ಟೊಮ್ಯಾಟೊ ಬೆಳೆದು ಫೋಟೋ ತೋರಿಸಿದ್ರು. ಅವರ ಖುಷಿ ನೋಡಿ ನನಗೂ ಖುಷಿ ಆಯ್ತು. ಅವರು ಸಿಮೆಂಟಿನ ಮೇಲೆ ಮಣ್ಣು ಹೊತ್ಕೊಂಡು ಹೋಗ್ತಾವ್ರೆ, ನಾವು ಮಣ್ಣಿನ ಮೇಲೆ ಸಿಮೆಂಟ್ ಹೊತ್ಕೊಂಡು ಬರ್ತಾ ಇದೀವಿ.

ಬಾಡಿಗೆ ಬೇಡವೇ ಬೇಡ ಅನ್ನೋಕೆ ನಾನು ಯಾರು? ಮಕ್ಕಳ ಫೀಸು, ಆಸ್ಪತ್ರೆ, ಮದುವೆ, ಎಲ್ಲರಿಗೂ ಐತೆ. ನಾನು ಮನೇಲಿ ಹೇಳಿರೋದು, ಮೂರು ರೂಮ್ ಬೇಡ, ಮೇಲಂತಸ್ತಲ್ಲಿ ಎರಡು ಕಟ್ಟಿಸಿ ಅಂತ. ಪಾಯ ಇನ್ನೊಂದು ಮಹಡಿ ತಡೀತೈತೆ ಅಂತ ಮೇಸ್ತ್ರಿಯೇ ಹೇಳವ್ನೆ. ಖರ್ಚೂ ಕಮ್ಮಿ, ಸಾಲಾನೂ ಕಮ್ಮಿ. ಮಾಡಿನ ನೀರು ಪೈಪಲ್ಲಿ ಹಿತ್ತಲಿಗೆ ಇಳೀಲಿ. ಕಾಗದದಲ್ಲಿ ಒಂದು ರೂಮು ನನ್ನ ಹೆಸರಿಗೆ, ಒಂದು ಓರಗಿತ್ತಿ ಹೆಸರಿಗೆ. ಈ ಕೊನೇ ಮಾತು ಕೇಳಿ ಎಜಮಾನ್ರು ಪೇಪರ್ ಮುಖಕ್ಕೆ ಅಡ್ಡ ಹಿಡಿದ್ರು. ಪೇಪರ್ ತಲೆಕೆಳಗಾಗಿತ್ತು.

ನಿಮ್ಮಲ್ಲಿ ಈಗಾಗಲೇ ಸಿಮೆಂಟ್ ಹಾಕಿಸಿರೋರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಮರ ಉಳಿಸಿದೀವಿ ಅಂತ ಕಾಂಡದ ತನಕ ಕಾಂಕ್ರೀಟ್ ತಂದು ನಿಲ್ಲಿಸಿದೀರಲ್ಲ, ಅದು ಉಳಿಸಿದ್ದಲ್ಲ, ಕತ್ತು ಹಿಸುಕಿದ್ದು. ಸುತ್ತ ಕಮ್ಮಿ ಅಂದ್ರೂ ಮೂರಡಿ ಒಡೆಸಿ, ಪಾತಿ ಮಾಡಿಸಿ. ಬೇರಿಗೆ ನೀರು ಬೇಕು, ಗಾಳಿನೂ ಬೇಕು. ಒಡೆಸಿದ ಜಾಗದಲ್ಲಿ ಒಂದು ಹಿಡಿ ದಂಟಿನ ಬೀಜ ಎರಚಿ, ಇಪ್ಪತ್ತೈದು ದಿನಕ್ಕೆ ಮಸೊಪ್ಪು. ಬೀಜ ಬೇಕಾದ್ರೆ ನಮ್ಮನೆಗೆ ಬನ್ನಿ. ಭರಣಿ ಮಳೆ ಏಪ್ರಿಲ್ ಕೊನೆಗೆ ಹುಟ್ಟೋದು, ಅಷ್ಟರಲ್ಲಿ ಪಾತಿ ತಯಾರಾಗಿರಲಿ.

ಈ ಸಂವತ್ಸರದ ಹೆಸರು ಪರಾಭವ ಅಂತೆ. ಪಂಚಾಂಗ ಓದಿದಾಗ ಎಲ್ಲರೂ ಲೊಚಗುಟ್ಟಿದ್ರು. ಯಾರ ಪರಾಭವ ಅಂತ ಪಂಚಾಂಗದಲ್ಲಿ ಬರೆದಿಲ್ಲವಲ್ಲ ಅಂತ ನಾನು ಸುಮ್ಮನಿದ್ದೆ.

ಸೋಮವಾರ ಮೇಸ್ತ್ರಿ ದಾರ ಹಿಡಿಯೋಕೆ ಬರ್ತಾನಂತೆ. ಮೇಲಕ್ಕೆ ಹಿಡೀತಾನೋ ಹಿಂದಕ್ಕೆ ಹಿಡೀತಾನೋ ಇನ್ನೂ ತೀರ್ಮಾನ ಆಗಿಲ್ಲ. ಓರಗಿತ್ತಿ ಅವತ್ತು ರಜ ಹಾಕ್ತೀನಿ ಅಂದವ್ಳೆ. ಬೀದಿಯ ಅಕ್ಕಂದಿರು, ಚಿಕ್ಕಮ್ಮಂದಿರು ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಹಿತ್ತಲಿಗೆ ಬಂದು ಕೂತ್ರೆ ಚೆನ್ನಾಗಿರ್ತೈತೆ. ಚಕ್ಕೋತದ ನೆರಳೈತೆ, ಚಾಪೆ ಹಾಸ್ತೀನಿ. ಬರುವಾಗ ಒಂದೊಂದು ಚೀಲ ತನ್ನಿ, ಕರಿಬೇವು ಜಾಸ್ತಿ ಆಗೈತೆ.